ಕುತ್ತಿಗೆಯ ಗಂಟಿಗೆ ಏಮ್ಸ್ ಬೇಕಿಲ್ಲ, ವಾರದಲ್ಲಿ ಒಂದು ದಿನ ಬೇಕು

ಮಾನ್ಯ ಸಂಪಾದಕರೇ,

ರಾಯಚೂರಿಗೆ ಏಮ್ಸ್ ಕೊಡಬೇಕೆಂದು 2022ರಲ್ಲಿ ಆರಂಭವಾದ ಧರಣಿಯ ಸುದ್ದಿಗಳನ್ನು ಓದುತ್ತಲೇ ಬಂದಿದ್ದೇನೆ. ಆ ಬೇಡಿಕೆಗೆ ನನ್ನ ಪೂರ್ಣ ಸಹಮತವಿದೆ. ಆದರೆ ಏಮ್ಸ್ ಬರುವವರೆಗೆ ಕಾಯುವ ಅಗತ್ಯವಿಲ್ಲದ, ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಈಗಾಗಲೇ ಇರುವ ವೈದ್ಯರಿಂದ, ಈಗಾಗಲೇ ಇರುವ ಸಲಕರಣೆಗಳಿಂದಲೇ ಸರಿಪಡಿಸಬಹುದಾದ ಒಂದು ಕೊರತೆಯ ಕಡೆಗೆ ಆರೋಗ್ಯ ಇಲಾಖೆಯ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಕುತ್ತಿಗೆಯಲ್ಲಿ ಕಾರಣ ತಿಳಿಯದ ಗಂಟು ಕಾಣಿಸಿಕೊಂಡ ಹಳ್ಳಿಯ ರೋಗಿಯು ಯಾರ ಬಳಿಗೆ, ಎಂದು, ಯಾವ ಚೀಟಿ ಹಿಡಿದು ಹೋಗಬೇಕೆಂಬುದನ್ನು ನಮ್ಮಲ್ಲಿ ಯಾರೂ ಗೊತ್ತುಪಡಿಸಿಲ್ಲ. ಹೀಗಾಗಿ ಅರ್ಧ ದಿನದಲ್ಲಿ ಮುಗಿಯಬಹುದಾದ ಪರೀಕ್ಷೆಗೆ ಜನ ಅರ್ಧ ವರ್ಷ ಅಲೆಯುತ್ತಾರೆ.

ನನ್ನ ತಂಗಿಯ ವಿಷಯವನ್ನು ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ. ಮಸ್ಕಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಆಕೆಗೆ ಕುತ್ತಿಗೆಯ ಎಡಬದಿಯಲ್ಲಿ, ಕಿವಿಯಿಂದ ತುಸು ಕೆಳಗೆ, ಹುಣಸೆ ಬೀಜದಷ್ಟು ಗಂಟೊಂದು ಎದ್ದಿತು. ಹತ್ತಿ ಬಿಡಿಸುವ ಕೆಲಸ ಮುಗಿಯುವ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು ಸೇರಿಕೊಂಡಿತು. ನೋವಿರಲಿಲ್ಲ, ನೋವಿಲ್ಲದ್ದರಿಂದ ಹೊಲದ ಕೆಲಸವೂ ನಿಲ್ಲಲಿಲ್ಲ. ಮನೆಯ ಹಿರಿಯರು ಸುಣ್ಣ ಮತ್ತು ಬೆಲ್ಲ ಕಲಸಿ ಹಚ್ಚಿದರು. ಊರಿನಲ್ಲಿ ಔಷಧ ಕೊಡುವವರು ಹೋದಾಗಲೆಲ್ಲ ಒಂದು ಸೂಜಿ ಮಾಡಿ, ಐದು ದಿನದ ಗುಳಿಗೆ ಕಟ್ಟಿ ಕೊಟ್ಟರು. ಕಡೆಗೆ ಪಟ್ಟಣದ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ, ಗಂಟು ಮೆತ್ತಗಾಗಿದೆ, ಒಳಗೆ ಕೀವು ತುಂಬಿದೆ ಎಂದು ಹೇಳಿ ಕೊಯ್ದು ಕೀವು ತೆಗೆದರು. ತೆಗೆದದ್ದರಲ್ಲಿ ಒಂದು ಹನಿಯೂ ಪ್ರಯೋಗಾಲಯಕ್ಕೆ ಹೋಗಲಿಲ್ಲ. ಗಾಯ ಮಾಯಲಿಲ್ಲ, ತಿಂಗಳುಗಟ್ಟಲೆ ಸೋರುತ್ತಲೇ ಇತ್ತು. ಸೆರಗು ಮುಚ್ಚಿಕೊಂಡು ಮದುವೆ ಮನೆಗಳಿಗೆ ಹೋಗುವುದನ್ನೂ ಆಕೆ ಬಿಟ್ಟಳು.

ಜಿಲ್ಲಾ ಕೇಂದ್ರದ ಸರ್ಕಾರಿ ಬೋಧಕ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಕೊನೆಗೆ ಆಕೆಯನ್ನು ನೋಡಿದ ವೈದ್ಯೆ ಮೊದಲಿಗೆ ಗಂಟನ್ನು ಮುಟ್ಟಲೇ ಇಲ್ಲ. “ಯಾವಾಗಿಂದ ಐತವ್ವ ಇದು?” ಎಂದು ಕೇಳಿ ಕುರ್ಚಿ ಎಳೆದುಕೊಂಡು ಕುಳಿತರು. ಸಂಜೆ ಹೊತ್ತು ಮೈ ಬಿಸಿಯಾಗುತ್ತದೆಯೇ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು ಬರುತ್ತದೆಯೇ, ಕುಪ್ಪಸ ಸಡಿಲಾಗುವಷ್ಟು ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಬಹುದಿನದ ಕೆಮ್ಮು ಇತ್ತೇ, ಎಲೆ ಅಡಿಕೆಯ ಜೊತೆ ತಂಬಾಕು ಹಾಕುವ ರೂಢಿ ಇದೆಯೇ, ದನಿ ಬದಲಾಗಿದೆಯೇ, ರೊಟ್ಟಿ ನುಂಗುವಾಗ ತಡೆದಂತಾಗುತ್ತದೆಯೇ, ಒಂದೇ ಬದಿಯ ಕಿವಿ ನೋಯುತ್ತದೆಯೇ ಎಂದು ಕೇಳುತ್ತ ಹೋದರು. ಬಳಿಕ ಬಾಯಿಗೆ ಬೆಳಕು ಬಿಟ್ಟು ಒಸಡು, ನಾಲಿಗೆಯ ಅಡಿ, ಕೆನ್ನೆಯ ಒಳಭಾಗ, ಟಾನ್ಸಿಲ್ ಎಲ್ಲವನ್ನೂ ನೋಡಿ, ಕೈಗವಸು ಹಾಕಿದ ಬೆರಳಿನಿಂದ ನಾಲಿಗೆಯ ಬುಡವನ್ನು ಒತ್ತಿ ನೋಡಿದರು. ತಲೆಯ ಚರ್ಮವನ್ನೂ ಬಿಡಲಿಲ್ಲ. ಆಮೇಲೆ ಕುರ್ಚಿಯ ಹಿಂದೆ ನಿಂತು ಎರಡೂ ಕೈಗಳಿಂದ ಕುತ್ತಿಗೆಯ ಎರಡೂ ಬದಿಯನ್ನು ಗದ್ದದಿಂದ ಕಾಲರ್ ಎಲುಬಿನವರೆಗೆ ತಡವಿ, ಒಂದು ಗುಟುಕು ನೀರು ನುಂಗಿಸಿ, ನಾಲಿಗೆ ಹೊರಗೆ ಚಾಚಿಸಿ, ಕಂಕುಳವನ್ನೂ ಮುಟ್ಟಿ ನೋಡಿದ ಮೇಲೆಯೇ ಸೋರುವ ಗಾಯದ ಕಡೆಗೆ ಬಂದರು. ಸಪೂರವಾದ ದುರ್ಬೀನಿನ ಕೊಳವೆಯನ್ನು ಮೂಗಿನ ಮೂಲಕ ಇಳಿಸಿ ಧ್ವನಿಪೆಟ್ಟಿಗೆಯನ್ನು ನೋಡುವುದೂ ಅದೇ ಹೊತ್ತಿನಲ್ಲಿ ಮುಗಿಯಿತು.

ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಭಾಗದ ಬಹುತೇಕ ರೋಗಿಗಳಿಗೆ, ನನ್ನಂಥ ಓದಿದವರಿಗೂ, ಈ ಪರೀಕ್ಷೆ ಹೇಗಿರಬೇಕೆಂದೇ ತಿಳಿದಿರುವುದಿಲ್ಲ. ಗಂಟನ್ನು ಒಮ್ಮೆ ಹಿಚುಕಿ ನೋಡಿ ಚೀಟಿ ಬರೆದುಕೊಟ್ಟರೆ ಅದನ್ನೇ ಪರೀಕ್ಷೆ ಎಂದು ಒಪ್ಪಿಕೊಳ್ಳುತ್ತೇವೆ. ಕುತ್ತಿಗೆಯ ಗಂಟಿನ ಮೂಲ ಬಹಳ ಸಲ ಕುತ್ತಿಗೆಯಲ್ಲಿ ಇರುವುದಿಲ್ಲ. ದೇಹದ ದುಗ್ಧರಸ ಗ್ರಂಥಿಗಳಲ್ಲಿ ದೊಡ್ಡ ಪಾಲು ಕುತ್ತಿಗೆಯಲ್ಲೇ ಇದ್ದು, ತಲೆ, ಬಾಯಿ, ಮೂಗು, ಗಂಟಲುಗಳಿಂದ ಹರಿದುಬರುವ ದ್ರವವನ್ನು ಅವು ಸೋಸುತ್ತವೆ. ಹುಳುಕು ಹಲ್ಲಿನಿಂದಾಗಲಿ, ಮಕ್ಕಳ ತಲೆಯ ಹೇನಿನ ಹುಣ್ಣಿನಿಂದಾಗಲಿ, ಗಂಟಲಿನ ಆಳದಲ್ಲಿ ಕಣ್ಣಿಗೆ ಬೀಳದ ಕ್ಯಾನ್ಸರಿನಿಂದಾಗಲಿ ಊದಿಕೊಳ್ಳುವುದು ಇದೇ ಗ್ರಂಥಿಗಳು. ನೀರು ನುಂಗಿದಾಗ ಗಂಟು ಮೇಲೇರಿದರೆ ಅದು ಥೈರಾಯ್ಡಿನದೆಂದು ಊಹಿಸಬಹುದು, ನಾಲಿಗೆ ಚಾಚಿದಾಗಲೂ ಮೇಲೆ ಸರಿದರೆ ಹುಟ್ಟಿನಿಂದಲೇ ಉಳಿದ ನೀರುಚೀಲವೆಂದು ಅನುಮಾನಿಸಬಹುದು. ಕಾಲರ್ ಎಲುಬಿನ ಮೇಲೆ ಎಡಗಡೆ ಎದ್ದ ಗಟ್ಟಿ ಗಂಟು ಹೊಟ್ಟೆಯೊಳಗಿನ ಕ್ಯಾನ್ಸರಿನ ಸುಳಿವು ಆಗಿರುವುದೂ ಉಂಟು. ಒಂದು ಗುಟುಕು ನೀರಿನಿಂದ ತಿಳಿಯುವ ಸಂಗತಿಯನ್ನು ತಿಳಿಯದೆ ನೇರವಾಗಿ ಕತ್ತಿ ಹಿಡಿಯುವುದು ಎಂಥ ಅವಸರ!

ತಂಗಿಯ ಗಂಟಿಗೆ ಸ್ಕ್ಯಾನಿಂಗ್ ಆಯಿತು, ಸಣ್ಣ ಸೂಜಿಯಿಂದ ಒಳಗಿನ ಅಂಶ ಹೀರಿ ತೆಗೆಯುವ ಎಫ್‌ಎನ್‌ಎಸಿ ಪರೀಕ್ಷೆಯೂ ಆಯಿತು. ತೆಗೆದ ಮಾದರಿಯ ಒಂದು ಪಾಲು ಸೂಕ್ಷ್ಮದರ್ಶಕದ ಕೆಳಗೆ ಹೋಯಿತು, ಇನ್ನೊಂದು ಪಾಲು ಕ್ಷಯದ ರೋಗಾಣುವನ್ನು ಪತ್ತೆ ಹಚ್ಚುವ ಸಿಬಿ-ನಾಟ್ ಯಂತ್ರಕ್ಕೆ ಹೋಯಿತು. ಬಂದ ಉತ್ತರ ಕ್ಷಯ. ಹಿಂದಿನವರು ಗಂಡಮಾಲೆ ಎನ್ನುತ್ತಿದ್ದ ಕಾಯಿಲೆ ಇದು. ಶ್ವಾಸಕೋಶದ ಹೊರಗೆ ಬರುವ ಕ್ಷಯದಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಗ್ರಂಥಿಗಳ ಕ್ಷಯವೇ, ಅದರಲ್ಲೂ ಕುತ್ತಿಗೆಯದು. ಇಂಥ ಗಂಟನ್ನು ಕೊಯ್ದು ಕೀವು ಬಿಟ್ಟರೆ ಗಾಯ ಸೋರುತ್ತಲೇ ಉಳಿಯುವುದು ವೈದ್ಯಶಾಸ್ತ್ರದಲ್ಲಿ ಹೊಸ ಸಂಗತಿಯೇನೂ ಅಲ್ಲ. ಕೆಮ್ಮು ಇಲ್ಲದಿದ್ದರೆ ಕ್ಷಯವೂ ಇಲ್ಲವೆಂಬ ನಂಬಿಕೆ ಮಾತ್ರ ಊರಿನಲ್ಲಿ ಗಟ್ಟಿಯಾಗಿ ಕುಳಿತಿದೆ.

ಕ್ಷಯವೆಂದು ತಿಳಿದ ಮೇಲೆ ದಾರಿ ಸುಲಭವಾಯಿತು ಎಂಬುದನ್ನೂ ಹೇಳಲೇಬೇಕು. ಆರು ತಿಂಗಳ ಗುಳಿಗೆ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದದ್ದನ್ನು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿಸಲಾಗಿದೆ, ಹಣ ರೋಗಿಯ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಗುಳಿಗೆ ನುಂಗುತ್ತಿರುವಾಗಲೇ ಕೆಲವರಲ್ಲಿ ಗಂಟು ಮತ್ತೆ ಊದಿಕೊಳ್ಳುತ್ತದೆ. ಅದನ್ನು ಕಂಡು ಔಷಧ ನಾಟುತ್ತಿಲ್ಲವೆಂದು ಬಿಟ್ಟುಬಿಡುವವರಿದ್ದಾರೆ. ತಂಗಿಗೆ ಆ ಮಾತನ್ನು ವೈದ್ಯೆ ಮೊದಲೇ ಹೇಳಿದ್ದರಿಂದ ಊತ ಬಂದಾಗ ಆಕೆ ಹೆದರಲಿಲ್ಲ, ಗುಳಿಗೆ ನಿಲ್ಲಿಸದೆ ತೋರಿಸಿಕೊಂಡು ಬಂದಳು. ಗುಳೆ ಹೋಗುವ ಕುಟುಂಬಗಳಿಗೆ ಇನ್ನೊಂದು ವಿಷಯ ತಿಳಿದಿರಬೇಕು: ಒಮ್ಮೆ ನೋಂದಣಿಯಾದ ಕ್ಷಯರೋಗಿಯ ಚಿಕಿತ್ಸೆಯನ್ನು ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ವರ್ಗಾಯಿಸಿಕೊಳ್ಳಬಹುದು, ಹೊರಡುವ ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಗುಳಿಗೆ ತಪ್ಪುವುದಿಲ್ಲ.

ಆದರೆ ಎಲ್ಲ ಗಂಟೂ ಕ್ಷಯದ್ದಲ್ಲ, ಮತ್ತು ನನ್ನ ಆತಂಕ ಇರುವುದು ಅಲ್ಲಿಯೇ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 28.6ರಷ್ಟು ಮಂದಿ ಒಂದಿಲ್ಲೊಂದು ಬಗೆಯ ತಂಬಾಕು ಬಳಸುತ್ತಾರೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಅದಾದ ಮೇಲೆ ಪಾನ್ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆ ಮಾಡಿ ಒಟ್ಟಿಗೆ ಮಾರುವುದನ್ನು ಎಪಿಎಂಸಿ ಗೇಟಿನ ಎದುರಿನ ಯಾವ ಡಬ್ಬಿ ಅಂಗಡಿಯಲ್ಲಿ ಬೇಕಾದರೂ ಕಾಣಬಹುದು. ಅಕ್ಕಿ ಗಿರಣಿಯ ಹಮಾಲರಲ್ಲಿ, ಲಾರಿ ಚಾಲಕರಲ್ಲಿ, ನಾಟಿ ಹಚ್ಚುವ ಹೆಂಗಸರಲ್ಲಿಯೂ ಹಸಿವು ಮತ್ತು ದಣಿವು ಮರೆಯಲೆಂದು ತಂಬಾಕು ಕೆನ್ನೆಯಲ್ಲಿಟ್ಟುಕೊಳ್ಳುವ ರೂಢಿ ಇದೆ. ಇಂಥವರ ಕುತ್ತಿಗೆಯಲ್ಲಿ, ವಿಶೇಷವಾಗಿ ನಲವತ್ತು ದಾಟಿದವರಲ್ಲಿ, ಕಲ್ಲಿನಂತೆ ಗಟ್ಟಿಯಾಗಿ, ಅಲುಗಾಡದೆ ನಿಂತ ಗಂಟು ಎದ್ದರೆ ಅದು ನಾಲಿಗೆಯ ಬುಡದಲ್ಲೋ ಗಂಟಲಿನಲ್ಲೋ ಇರುವ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ಮೂಲ ಎಲ್ಲಿದೆ ಎಂದು ಹುಡುಕದೆ ಆ ಗಂಟನ್ನಷ್ಟೇ ಕತ್ತರಿಸಿ ತೆಗೆದರೆ ಮುಂದಿನ ಸರಿಯಾದ ಶಸ್ತ್ರಚಿಕಿತ್ಸೆಯೂ ಕಷ್ಟವಾಗುತ್ತದೆ. ಆದ್ದರಿಂದಲೇ ಬಾಯಿ ಮತ್ತು ಗಂಟಲನ್ನು ಪೂರ್ತಿ ನೋಡಿದ ಮೇಲೆ ಸೂಜಿ ಪರೀಕ್ಷೆ, ಅದರಿಂದಲೂ ತಿಳಿಯದಿದ್ದರೆ ಮಾತ್ರ ಗಂಟನ್ನು ತೆಗೆದು ಪರೀಕ್ಷಿಸುವುದು ಎಂಬ ಕ್ರಮವನ್ನು ತಜ್ಞರು ಪಾಲಿಸುತ್ತಾರೆ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಮಾತನ್ನು ಬಸ್ ನಿಲ್ದಾಣದಲ್ಲಿಯೂ ಕೇಳಿದ್ದೇನೆ, ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಬಾಯಲ್ಲಿಯೂ ಕೇಳಿದ್ದೇನೆ. ರಕ್ತ ತೆಗೆಯುವ ಸೂಜಿಯಷ್ಟೇ ಅಥವಾ ಅದಕ್ಕಿಂತ ಸಪೂರವಾದ ಸೂಜಿ ಅದು. ಕುತ್ತಿಗೆಯ ಗಂಟಿಗೆ ಮಾಡುವ ಈ ಪರೀಕ್ಷೆಯಿಂದ ಕಾಯಿಲೆ ಹರಡುವುದು ತೀರಾ ಅಪರೂಪವೆಂದೇ ತಜ್ಞರ ಅನುಭವ. ಆ ಭಯಕ್ಕೆ ಕಳೆಯುವ ಮೂರು ತಿಂಗಳಲ್ಲಿ ಕಾಯಿಲೆ ತಾನೇ ಹರಡಬಹುದು. ಸೂಜಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಪ್ರಕರಣ ಮುಗಿಯಿತೆಂದು ತಿಳಿಯುವುದೂ ಸರಿಯಲ್ಲ. ಗಂಟು ಉಳಿದಿದ್ದರೆ ಪರೀಕ್ಷೆಯೂ ಮರಳಿ ಆಗಬೇಕು. ದುಗ್ಧರಸ ಗ್ರಂಥಿಗಳಲ್ಲೇ ಹುಟ್ಟುವ ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ ಸೂಜಿಗೆ ಸಿಕ್ಕ ಕೆಲವು ಕಣಗಳಿಂದ ಅದು ಯಾವ ಬಗೆಯದೆಂದು ಹೇಳಲಾಗುವುದಿಲ್ಲ, ಇಡೀ ಗ್ರಂಥಿಯನ್ನೇ ತೆಗೆದು ನೋಡಬೇಕಾಗುತ್ತದೆ. ಹರೆಯದವರಲ್ಲಿ ಹೆಚ್ಚಾಗಿ ಕಾಣುವ ಇದರ ಒಂದು ಬಗೆ ಚಿಕಿತ್ಸೆಯಿಂದ ಬಹುಪಾಲು ಗುಣವಾಗುತ್ತದೆ.

ಊರೂರಿನಲ್ಲಿ ಮಾಡುವ ಔಷಧದ ಸೂಜಿಗಳ ಬಗ್ಗೆಯೂ ಒಂದು ಮಾತು. ಬೇಗ ಹಗುರವಾಗಲೆಂದು ಕೊಡುವ ಸ್ಟೆರಾಯ್ಡ್ ಸೂಜಿ ಲಿಂಫೋಮಾದ ಗಂಟನ್ನು ಕೆಲವು ದಿನ ಕರಗಿಸಿಬಿಡುತ್ತದೆ. ರೋಗಿ ಗುಣವಾಯಿತೆಂದು ಮನೆಗೆ ಹೋಗುತ್ತಾನೆ, ಮತ್ತೆ ಬೆಳೆದಾಗ ಗಂಟಿನ ಭಾಗ ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿದರೂ ಚಿತ್ರ ಸ್ಪಷ್ಟವಾಗುವುದಿಲ್ಲ. ಲಿವೋಫ್ಲಾಕ್ಸಾಸಿನ್‌ನಂಥ ಕೆಲವು ಆಂಟಿಬಯಾಟಿಕ್‌ಗಳು ಕ್ಷಯದ ರೋಗಾಣುವಿನ ಮೇಲೂ ಅರೆಬರೆ ಕೆಲಸ ಮಾಡಿ ಅದನ್ನು ಮರೆಮಾಚುತ್ತವೆ. ಸೋಂಕಿನ ಲಕ್ಷಣವಿದ್ದರೆ ಒಂದು ಸಲ ಆಂಟಿಬಯಾಟಿಕ್ ಕೊಡುವುದನ್ನು ಯಾರೂ ಆಕ್ಷೇಪಿಸಲಾರರು. ಎರಡನೆಯ ಸಲ, ಮೂರನೆಯ ಸಲ ಹೆಸರು ಬದಲಿಸಿ ಅದನ್ನೇ ಬರೆಯುವುದಕ್ಕೆ ಏನು ಸಮರ್ಥನೆ ಇದೆಯೋ ನನಗೆ ಅರ್ಥವಾಗಿಲ್ಲ. ಜನರಿಗೆ ತಿಳಿಯಬೇಕಾದ ಲೆಕ್ಕ ಮಾತ್ರ ಸರಳ: ಎರಡರಿಂದ ಮೂರು ವಾರದಲ್ಲಿ ಇಳಿಯದ ಗಂಟನ್ನು ತಜ್ಞರಿಗೆ ತೋರಿಸಬೇಕು; ಗಂಟಿನ ಜೊತೆ ದನಿ ಒಡೆದಿದ್ದರೆ, ನುಂಗಲು ತೊಂದರೆಯಿದ್ದರೆ, ಗಂಟು ಬೆಳೆಯುತ್ತಲೇ ಇದ್ದರೆ ಅಷ್ಟು ದಿನವೂ ಕಾಯಬಾರದು. ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಮಕ್ಕಳ ಕುತ್ತಿಗೆಯಲ್ಲಿ ಕೈಗೆ ಸಿಗುವ ಸಣ್ಣ ಗ್ರಂಥಿಗಳಲ್ಲಿ ಹೆಚ್ಚಿನವು ನೆಗಡಿ, ಗಂಟಲು ನೋವಿನವು. ಅವಕ್ಕೆ ಹೆದರಿ ಹೊಲ ಅಡವಿಟ್ಟು ಮಹಾನಗರಕ್ಕೆ ಓಡುವುದೂ ಬೇಕಿಲ್ಲ.

ಈಗ ವ್ಯವಸ್ಥೆಯ ಮಾತಿಗೆ ಬರುತ್ತೇನೆ. ರಾಯಚೂರಿನಲ್ಲಿ ರಿಮ್ಸ್ ವೈದ್ಯಕೀಯ ಕಾಲೇಜು ಇದೆ, ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ಬಳ್ಳಾರಿಯ ವೈದ್ಯಕೀಯ ಕಾಲೇಜಿಗೆ ಅರವತ್ತು ವರ್ಷಕ್ಕಿಂತ ಹೆಚ್ಚಿನ ಇತಿಹಾಸವಿದೆ. ಮೂರೂ ಕಡೆ ಕಿವಿ, ಮೂಗು, ಗಂಟಲು ವಿಭಾಗವಿದೆ, ಸ್ಕ್ಯಾನಿಂಗ್ ಇದೆ, ಸೂಜಿ ಪರೀಕ್ಷೆಯ ಗಾಜಿನ ಪಟ್ಟಿ ಓದುವ ರೋಗಶಾಸ್ತ್ರಜ್ಞರಿದ್ದಾರೆ. ಇವೆಲ್ಲ ಇದ್ದೂ ರೋಗಿಗೆ ಆಗುವುದೇನು? ದೂರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟವರು ಬಂದು ಚೀಟಿ ಮಾಡಿಸುವ ಕಿಟಕಿಯ ಸಾಲು ಮುಗಿಸುವ ಹೊತ್ತಿಗೆ ಹೊರರೋಗಿ ವಿಭಾಗದ ಸಮಯ ಮುಗಿಯುತ್ತ ಬಂದಿರುತ್ತದೆ. ವೈದ್ಯರು ನೋಡಿದರೂ ಸ್ಕ್ಯಾನಿಂಗಿಗೆ ಬೇರೆ ದಿನ, ಸೂಜಿ ಪರೀಕ್ಷೆಗೆ ಇನ್ನೊಂದು ದಿನ, ವರದಿಗೆ ಮತ್ತೊಂದು ದಿನ ಬರಹೇಳುತ್ತಾರೆ. 2023ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಬಸ್ ಟಿಕೆಟ್ ಇಲ್ಲವಾಗಿದೆ ನಿಜ, ಆದರೆ ಕಳೆದುಕೊಂಡ ಕೂಲಿಯನ್ನು ಯಾವ ಯೋಜನೆಯೂ ಕೊಡುವುದಿಲ್ಲ, ಜೊತೆಗೆ ಬರುವ ಗಂಡಸಿಗೆ ಟಿಕೆಟ್ ಕೂಲಿ ಎರಡೂ ಹೋಗುತ್ತವೆ. ಎರಡನೆಯ ಸಲ ಬರಹೇಳಿದಾಗಲೇ ಅರ್ಧದಷ್ಟು ಜನ ಮರಳಿ ಬರುವುದಿಲ್ಲವೆಂದು ಸಾಲಿನಲ್ಲಿ ನಿಂತ ಯಾರಿಗಾದರೂ ಅನ್ನಿಸದೆ ಇರದು. ಅವರ ಮುಂದಿನ ನಿಲ್ದಾಣ ಹೈದರಾಬಾದಿನ ಖಾಸಗಿ ಆಸ್ಪತ್ರೆ, ಇಲ್ಲವೇ ಸುಣ್ಣ ಬೆಲ್ಲ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮೂರೂ ಜಿಲ್ಲಾ ಕೇಂದ್ರಗಳ ಬೋಧಕ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವನ್ನು, ಸುತ್ತಲಿನ ದೊಡ್ಡ ಸಂತೆಯ ದಿನ ಬಿಟ್ಟು, ಕುತ್ತಿಗೆಯ ಗಂಟಿನ ರೋಗಿಗಳಿಗೆಂದೇ ಗೊತ್ತು ಮಾಡಬೇಕು. ಆ ದಿನ ಗಂಟಲು ತಜ್ಞರು, ಸ್ಕ್ಯಾನಿಂಗ್ ವೈದ್ಯರು ಮತ್ತು ಸೂಜಿ ಪರೀಕ್ಷೆ ಮಾಡುವ ರೋಗಶಾಸ್ತ್ರಜ್ಞರು ಒಂದೇ ಮಹಡಿಯಲ್ಲಿ ಸಿಗುವಂತಿರಬೇಕು, ಮಾದರಿ ಕ್ಷಯ ಪರೀಕ್ಷೆಗೂ ಅಲ್ಲಿಂದಲೇ ಹೋಗಬೇಕು. ವರದಿಯ ಸಾರವನ್ನು ಫೋನಿನಲ್ಲಿ, ಕನ್ನಡದಲ್ಲಿ ರೋಗಿಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಮಾತ್ರೆಯ ಚೀಟಿಗಾಗಿ ಮತ್ತೆ ನೂರು ಕಿಲೋಮೀಟರ್ ಬರುವುದು ತಪ್ಪುತ್ತದೆ, ಔಷಧವನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಕಳಿಸುವ ಚೀಟಿಯಲ್ಲಿ ಗಂಟು ಎಂದಿನಿಂದ ಇದೆ, ಯಾವ ಬದಿ, ತಂಬಾಕಿನ ರೂಢಿ, ಈಗಾಗಲೇ ಕೊಟ್ಟ ಔಷಧಗಳು ಎಂಬ ನಾಲ್ಕು ಸಾಲು ಓದಲು ಬರುವ ಅಕ್ಷರದಲ್ಲಿ ಇದ್ದರೆ ತಜ್ಞರ ಅರ್ಧ ಕೆಲಸ ಮುಗಿದಂತೆ. ಓದಲು ಬರುವ ಅಕ್ಷರ ಎಂಬುದನ್ನು ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಶಿಕ್ಷಕನಾಗಿ ಒತ್ತಿ ಹೇಳುತ್ತಿದ್ದೇನೆ. ಮೂವತ್ತು ವರ್ಷ ದಾಟಿದವರಿಗೆ ಬಾಯಿ ಕ್ಯಾನ್ಸರ್ ತಪಾಸಣೆ ಮಾಡುವ ಕಾರ್ಯಕ್ರಮ ಈಗಾಗಲೇ ಇದೆ, ಬಾಯಿ ನೋಡಿದ ಮೇಲೆ ಕುತ್ತಿಗೆಯನ್ನು ಮುಟ್ಟಿ ನೋಡಲು ಒಂದು ನಿಮಿಷ ಸಾಕು.

ಕ್ಯಾನ್ಸರ್ ಎಂದು ತಿಳಿದವರಿಗೆ ಮುಂದಿನ ದಾರಿಯನ್ನೂ ಅಂದೇ ಹೇಳಿ ಕಳಿಸಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲಿದೆ ಎಂಬುದು ರಾಯಚೂರು ಜಿಲ್ಲೆಯ ಎಷ್ಟೋ ಜನರಿಗೆ ಗೊತ್ತಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಬೇಕು. ಆ ಪತ್ರವಿಲ್ಲದೆ ನೇರವಾಗಿ ಹೋಗಿ, ಬಿಲ್ಲು ಕಟ್ಟಿದ ಮೇಲೆ ಕಾರ್ಡು ತೋರಿಸಿದವರನ್ನು ನಾನೇ ಕಂಡಿದ್ದೇನೆ.

ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ ಜಾರಿಯಾಗಿ ದಶಕ ದಾಟಿತು. ಅದರಡಿ ಇಲ್ಲಿನ ವೈದ್ಯಕೀಯ ಕಾಲೇಜುಗಳ ಸೀಟುಗಳಲ್ಲಿ ಶೇ 70ರಷ್ಟು ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಾಗಿವೆ. ಹೀಗೆ ಓದಿ ತಜ್ಞರಾದ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಸಿಂಧನೂರು, ಲಿಂಗಸುಗೂರು, ಗಂಗಾವತಿ, ಸಿರುಗುಪ್ಪದಂಥ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಕುಳಿತು ಕುತ್ತಿಗೆ ಮುಟ್ಟಿ ನೋಡುವಂತಾದರೆ ಜಿಲ್ಲಾ ಕೇಂದ್ರದ ಸಾಲು ತಾನಾಗಿ ಕರಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಗಂಟಲು ನೋಡುವ ದುರ್ಬೀನನ್ನು ತಾಲ್ಲೂಕಿಗೊಂದು ಕೊಡಿಸುವುದು ದೊಡ್ಡ ಖರ್ಚೇನೂ ಆಗಲಾರದು.

ತಮ್ಮ ಪತ್ರಿಕೆಗೂ ಒಂದು ಬಿನ್ನಹ. ಬೆಳೆ ಹಂಗಾಮಿನಲ್ಲಿ ತುಂಗಭದ್ರಾ ಜಲಾಶಯದ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ಸ್ಥಳೀಯ ಪುಟದಲ್ಲಿ ಅಚ್ಚು ಹಾಕುತ್ತೀರಿ, ನಾವು ಕಾಲುವೆ ಪ್ರದೇಶದವರು ಮೊದಲು ಓದುವುದು ಅದನ್ನೇ. ಅದರ ಕೆಳಗೆ ಎರಡು ಸಾಲಿನ ಜಾಗ ಮಾಡಿ, ಆ ವಾರ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ದಿನ, ಎಷ್ಟು ಗಂಟೆಯವರೆಗೆ ಕಿವಿ, ಮೂಗು, ಗಂಟಲು ತಜ್ಞರು ಲಭ್ಯರಿರುತ್ತಾರೆ, ಸೂಜಿ ಪರೀಕ್ಷೆ ಯಾವ ದಿನ ಇರುತ್ತದೆ ಎಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಿಂದ ಪಡೆದು ಪ್ರಕಟಿಸಲು ಸಾಧ್ಯವೇ?

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಸಿಂಧನೂರು, ರಾಯಚೂರು ಜಿಲ್ಲೆ